ಏಳುಸುತ್ತಿನ ಕೋಟೆಯವರು ಗಾಲೆ ಕೋಟೆಗೆ: ಗಂಡ-ಹೆಂಡತಿಯ ಮೊದಲ ವಿದೇಶ ಪ್ರವಾಸ, ಹಂತ ಹಂತವಾಗಿ

ಫಾರಿನ್ ಟೂರ್ ಅಂದಕೂಡಲೇ ನಮ್ಮ ಕಡೆ ಬಾಯಿಗೆ ಬರುವುದು ಎರಡೇ. ಒಂದು ದುಬೈ. ಇನ್ನೊಂದು, ಹತ್ತು-ಹನ್ನೆರಡು ದಿನದಲ್ಲಿ ಆರೇಳು ದೇಶ ಮುಟ್ಟಿಸಿಕೊಂಡು ಬರುವ ಯುರೋಪ್ ಪ್ಯಾಕೇಜ್. ಎರಡನೆಯದಕ್ಕೆ ಹೋಗಿ ಬಂದವರನ್ನು ಕೇಳಿ ನೋಡಿ, ಬಸ್ಸಿನ ಕಿಟಕಿ ಚೆನ್ನಾಗಿ ನೆನಪಿರುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಗಂಡ-ಹೆಂಡತಿ ಮೊದಲ ಸಲ ದೇಶದ ಗಡಿ ದಾಟುವುದಾದರೆ ಶ್ರೀಲಂಕಾಕ್ಕೆ ಹೋಗಬೇಕು ಎನ್ನುವುದು ನನ್ನ ವಾದ. ಬೆಂಗಳೂರಿನಿಂದ ವಿಮಾನದಲ್ಲಿ ಒಂದೂವರೆ ಗಂಟೆ. ಗಡಿಯಾರ ಬದಲಿಸುವ ಕೆಲಸವಿಲ್ಲ, ಅಲ್ಲಿಯೂ ನಮ್ಮದೇ ಸಮಯ. ಖರ್ಚೂ ಕಡಿಮೆ. ಆದರೆ ದೊಡ್ಡ ಕಾರಣ ಬೇರೆ ಇದೆ. ಕೋಟೆಯನ್ನು, ಕೆರೆಯನ್ನು, ಅಶೋಕನ ಶಾಸನವನ್ನು ಮನೆ ಬಾಗಿಲಲ್ಲೇ ಇಟ್ಟುಕೊಂಡವರು ನಾವು. ಆ ಮೂರನ್ನೂ ಬಲ್ಲ ಕಣ್ಣಿಗೆ ಲಂಕೆಯಲ್ಲಿ ಕಾಣುವುದು ಹೆಚ್ಚು. ಗಡಿ ದಾಟುವುದೂ ಈ ಮಣ್ಣಿಗೆ ಹೊಸದಲ್ಲ, ಚಂದ್ರವಳ್ಳಿಯ ಉತ್ಖನನದಲ್ಲಿ ರೋಮನ್ ನಾಣ್ಯಗಳೇ ಸಿಕ್ಕಿವೆ.

ಒಂದು ವಾರದ ಪ್ರವಾಸ ಅಂದುಕೊಂಡು ಮುಂದಿನದನ್ನು ಬರೆದಿದ್ದೇನೆ. ಈಗಾಗಲೇ ಪಾಸ್‌ಪೋರ್ಟ್ ಇರುವವರು ಎರಡನೇ ಹಂತ ದಾಟಿಕೊಳ್ಳಬಹುದು.

ಹಂತ 1: ಕಾಲ ನೋಡಿ, ಊರು ಕಡಿಮೆ ಮಾಡಿ

ಲಂಕೆಗೆ ಎರಡು ಮಳೆಗಾಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಮತ್ತು ದಕ್ಷಿಣ ಕರಾವಳಿಯಲ್ಲಿ ಮಳೆ, ಕಡಲೂ ಒರಟು. ಅದೇ ಹೊತ್ತಿಗೆ ಪೂರ್ವದ ಟ್ರಿಂಕೋಮಲಿ ಕಡೆ ಒಳ್ಳೆಯ ಬಿಸಿಲಿರುತ್ತದೆ. ನಾವು ಹೋಗಬೇಕಿರುವುದು ದಕ್ಷಿಣದ ಗಾಲೆಗೆ, ಆದ್ದರಿಂದ ಡಿಸೆಂಬರ್‌ನಿಂದ ಮಾರ್ಚ್ ಸರಿಯಾದ ಕಾಲ. ಅಡಿಕೆ ಕೆಲಸ ಮುಗಿಸಿ ಫೆಬ್ರವರಿಯಲ್ಲಿ ಹೊರಟರೆ ನಾಯಕನಹಟ್ಟಿ ಜಾತ್ರೆಯ ಹೊತ್ತಿಗೆ ಊರಲ್ಲಿರಬಹುದು.

ನೆಗೊಂಬೊದಲ್ಲಿ 1 ರಾತ್ರಿ, ಸಿಗಿರಿಯಾದಲ್ಲಿ 2, ಕ್ಯಾಂಡಿಯಲ್ಲಿ 1, ಗಾಲೆಯಲ್ಲಿ 3. ಇಷ್ಟೇ ಸಾಕು. ಏಜೆಂಟರು ನುವಾರಾ ಎಲಿಯಾ, ಎಲ್ಲಾ, ಬೆಂಟೋಟಾ ಅಂತ ಇನ್ನೂ ಮೂರು-ನಾಲ್ಕು ಹೆಸರು ತುರುಕಲು ನೋಡುತ್ತಾರೆ. ಬೇಡ ಅನ್ನಿ. ರಾಮಾಯಣದ ಜಾಗಗಳನ್ನು ನೋಡುವ ಆಸೆ ಇದ್ದರೆ ಅದನ್ನು ಬೇರೆಯೇ ಪ್ರವಾಸವಾಗಿ ಇಟ್ಟುಕೊಳ್ಳಿ. ಒಂದರೊಳಗೆ ಇನ್ನೊಂದನ್ನು ಸೇರಿಸಿದರೆ ದಿನವೆಲ್ಲ ವ್ಯಾನಿನಲ್ಲೇ ಕಳೆಯುತ್ತದೆ.

ಹಂತ 2: ಪಾಸ್‌ಪೋರ್ಟ್, ಅದಕ್ಕಿಂತ ಮೊದಲು ಹೆಸರು

ಅರ್ಜಿ ಹಾಕುವುದು ಈಗ ಕಷ್ಟದ ಕೆಲಸವಲ್ಲ. ವಿದೇಶಾಂಗ ಸಚಿವಾಲಯದ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಖಾತೆ ತೆರೆದು, ಫಾರಂ ತುಂಬಿ, 36 ಪುಟದ ಪುಸ್ತಕಕ್ಕೆ 1,500 ರೂಪಾಯಿ ಕಟ್ಟಿ, ಅನುಕೂಲವಾದ ಸೇವಾ ಕೇಂದ್ರದಲ್ಲಿ ದಿನ ಗೊತ್ತು ಮಾಡಿಕೊಳ್ಳಬೇಕು. ಇದಕ್ಕೆ ಬೆಂಗಳೂರಿಗೇ ಓಡಬೇಕಿಲ್ಲ. ದಾವಣಗೆರೆಯೂ ಸೇರಿದಂತೆ ಹಲವು ಜಿಲ್ಲಾ ಕೇಂದ್ರಗಳ ಅಂಚೆ ಕಚೇರಿಗಳಲ್ಲಿ ಸೇವಾ ಕೇಂದ್ರಗಳಿವೆ. ಹೆಸರು, ಬಣ್ಣ ಎಲ್ಲ ಸರ್ಕಾರದ್ದೇ ಅನ್ನಿಸುವಂಥ ಖಾಸಗಿ ಜಾಲತಾಣಗಳೂ ಇವೆ. ಶುಲ್ಕ ದುಪ್ಪಟ್ಟು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ತೊಡಕು ಇರುವುದು ಹೆಸರಿನಲ್ಲಿ. ನಮ್ಮ ಜಿಲ್ಲೆಯ ಅರ್ಧ ಜನರ ಹೆಸರಿನ ಮುಂದೆ ‘ಹೆಚ್’ ಇರುತ್ತದೆ. ಅದು ಹಿರಿಯೂರೋ, ಹೊಸದುರ್ಗವೋ, ಹೊಳಲ್ಕೆರೆಯೋ, ಇಲ್ಲ ತಾತನ ಹೆಸರೋ ಅಂತ ಪಾಸ್‌ಪೋರ್ಟ್ ಫಾರಂ ಎದುರು ಕೂತಾಗಲೇ ಯೋಚನೆ ಹತ್ತುವುದು. ಇನಿಷಿಯಲ್ ಅನ್ನು ಬಿಡಿಸಿ ಬರೆಯಬೇಕು. ಎಸ್ಎಸ್ಎಲ್‌ಸಿ ಅಂಕಪಟ್ಟಿ, ಆಧಾರ್, ಪ್ಯಾನ್ ಮೂರರಲ್ಲೂ ಹೆಸರು ಒಂದೇ ಥರ ಇದೆಯೇ ಅಂತ ಮೊದಲು ಎದುರಿಗಿಟ್ಟುಕೊಂಡು ನೋಡಿ. ಒಂದರಲ್ಲಿ ತಿಪ್ಪೇಸ್ವಾಮಿ, ಇನ್ನೊಂದರಲ್ಲಿ ತಿಪ್ಪೇಸ್ವಾಮಿ ಟಿ ಅಂತಿದ್ದರೆ ಆಧಾರ್ ತಿದ್ದಿಸಿಕೊಂಡ ಮೇಲೆಯೇ ಅರ್ಜಿ ಹಾಕಿ. ನಮ್ಮ ಕಡೆ ಹೆಣ್ಣುಮಕ್ಕಳ ದಾಖಲೆಗಳಲ್ಲಿ ಬರೀ ಒಂಟಿ ಹೆಸರಿರುವುದು ಹೆಚ್ಚು. ಸರ್‌ನೇಮ್ ಜಾಗ ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಬರುತ್ತದೆ. ಆದರೆ 2022ರ ನವೆಂಬರ್‌ನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟ್‌ನವರಿಗೆ ಪ್ರವಾಸಿ ವೀಸಾ ಇಲ್ಲ ಎಂದಿತು. ಮುಂದೆ ಎಲ್ಲೆಲ್ಲಿಗೆ ಹೋಗುತ್ತೀರೋ ಯಾರಿಗೆ ಗೊತ್ತು, ಎರಡೂ ಜಾಗ ತುಂಬುವುದು ಒಳ್ಳೆಯದು.

ಹೊಸದಾಗಿ ಮದುವೆಯಾದವರಿಗೆ ಒಂದು ಮಾತು. 2016ರ ಡಿಸೆಂಬರ್‌ನಿಂದ ಪಾಸ್‌ಪೋರ್ಟ್ ಅರ್ಜಿಗೆ ಮದುವೆ ಪ್ರಮಾಣಪತ್ರ ಕಡ್ಡಾಯವಲ್ಲ. ಹೆಂಡತಿಯ ಪಾಸ್‌ಪೋರ್ಟ್ ಮದುವೆಗೆ ಮೊದಲಿನದಾಗಿದ್ದರೂ ಚಿಂತೆ ಇಲ್ಲ, ತವರಿನ ಹೆಸರಿನಲ್ಲೇ ಹೋಗಿ ಬರಬಹುದು. ಆದರೆ ವಿಮಾನದ ಟಿಕೆಟ್ ಕೂಡ ಅದೇ ಹೆಸರಿನಲ್ಲಿರಬೇಕು. ಪ್ರೀತಿಯಿಂದ ಟಿಕೆಟ್‌ನಲ್ಲಿ ಗಂಡನ ಹೆಸರು ಸೇರಿಸಿದರೆ ಚೆಕ್-ಇನ್ ಕೌಂಟರಿನಲ್ಲೇ ಹನಿಮೂನ್ ಮುಗಿಯುತ್ತದೆ.

ಪೊಲೀಸ್ ಪರಿಶೀಲನೆಗೆ ಠಾಣೆಯಿಂದ ಕರೆ ಬಂದಾಗ ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲಿ ನೀವು ಇರಬೇಕು. ಬೆಂಗಳೂರಿನಲ್ಲಿ ಕೆಲಸ, ವಿಳಾಸ ಮಾತ್ರ ಊರಿನದು ಅಂತಾದರೆ ಇದೇ ದೊಡ್ಡ ತಲೆನೋವು.

ಹಂತ 3: ಟಿಕೆಟ್, ಇಟಿಎ, ವಿಮೆ

ಬೆಂಗಳೂರು-ಕೊಲಂಬೊ ನೇರ ವಿಮಾನವನ್ನೇ ತೆಗೆದುಕೊಳ್ಳಿ. ಸಾವಿರ ರೂಪಾಯಿ ಉಳಿಯುತ್ತದೆಂದು ಚೆನ್ನೈಯಲ್ಲಿ ಇಳಿದು ಹತ್ತಿದರೆ ಅರ್ಧ ದಿನ ಹೋಯಿತು. ಪ್ರಯಾಣದ ದಿನದಿಂದ ಪಾಸ್‌ಪೋರ್ಟ್‌ಗೆ ಕನಿಷ್ಠ 6 ತಿಂಗಳ ಆಯುಸ್ಸು ಉಳಿದಿರಬೇಕು.

ಶ್ರೀಲಂಕಾ ಪ್ರವೇಶಕ್ಕೆ ಇಟಿಎ ಎಂಬ ಆನ್‌ಲೈನ್ ಅನುಮತಿ ಬೇಕು. ಭಾರತೀಯರಿಗೆ ಶುಲ್ಕ ಎಷ್ಟು, ಮನ್ನಾ ಇದೆಯೇ ಎಂಬ ನಿಯಮ ಆಗಾಗ ಬದಲಾಗುತ್ತದೆ. ಹಾಗಾಗಿ ಹೊರಡುವ ತಿಂಗಳಿನಲ್ಲಿ ಅಲ್ಲಿನ ಸರ್ಕಾರದ ಜಾಲತಾಣವನ್ನೇ ನೋಡಿ, ಹೋದ ವರ್ಷ ಹೋಗಿ ಬಂದ ನೆಂಟರ ಮಾತಿನ ಮೇಲೆ ಕೂರಬೇಡಿ. ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಒಂದಂಕಿ ತಪ್ಪಿದರೂ ಅನುಮತಿ ಉಪಯೋಗಕ್ಕೆ ಬಾರದು. ಒಬ್ಬರು ಓದಿ ಹೇಳಿ, ಇನ್ನೊಬ್ಬರು ಒತ್ತಿ.

ಪ್ರವಾಸ ವಿಮೆ ಮಾಡಿಸಿ. ಬಿಪಿ, ಶುಗರ್ ಇರುವವರು ಅದನ್ನು ಮುಚ್ಚಿಡದೆ ಬರೆಯಿರಿ, ಇಲ್ಲವಾದರೆ ವಿಮೆ ಬರೀ ಕಾಗದ.

ಹಂತ 4: ದುಡ್ಡನ್ನು ಇಬ್ಬರೂ ಹಂಚಿಕೊಂಡು ಹಿಡಿಯಿರಿ

ನಮ್ಮ 1 ರೂಪಾಯಿಗೆ ಅಲ್ಲಿಯ ಮೂರಕ್ಕೂ ಹೆಚ್ಚು ರೂಪಾಯಿ ಬರುತ್ತದೆ. ಬೆಲೆಪಟ್ಟಿ ನೋಡಿ ಮೊದಲ ದಿನ ಎದೆ ಧಸಕ್ ಎನ್ನುವುದು ಸಹಜ. ಸ್ವಲ್ಪ ಅಮೆರಿಕನ್ ಡಾಲರ್ ನಗದು, ಒಂದು ಫಾರೆಕ್ಸ್ ಕಾರ್ಡ್ ಇಟ್ಟುಕೊಳ್ಳಿ. 2024ರ ಫೆಬ್ರವರಿಯಿಂದ ಲಂಕೆಯಲ್ಲಿ ಯುಪಿಐ ಕೂಡ ಶುರುವಾಗಿದೆ. ದೊಡ್ಡ ಅಂಗಡಿಗಳಲ್ಲಿ ಅಲ್ಲಿಯ ಕ್ಯೂಆರ್ ಸ್ಕ್ಯಾನ್ ಮಾಡಿ ಕೊಡಬಹುದು, ಆದರೆ ಎಳನೀರಿನವನಿಗೂ ಆಟೋದವನಿಗೂ ನಗದೇ ಬೇಕು. ಯುಪಿಐ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಊರಲ್ಲಿರುವಾಗಲೇ ಆನ್ ಮಾಡಿಕೊಳ್ಳಿ.

ಪ್ಯಾಕೇಜ್ ಕೊಂಡರೆ ಏಜೆಂಟರು ಟಿಸಿಎಸ್ ಎಂದು ಒಂದಿಷ್ಟು ಹಣ ಹಿಡಿದುಕೊಳ್ಳುತ್ತಾರೆ. ಅದು ನಿಮ್ಮ ಪ್ಯಾನ್ ಹೆಸರಿಗೆ ಜಮೆಯಾಗುವ ತೆರಿಗೆ, ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿ ಹೊಂದಿಸಿಕೊಳ್ಳಬಹುದು. ರಸೀದಿ ಕೇಳಿ ಪಡೆಯಿರಿ.

ಇನ್ನು, ಪಾಸ್‌ಪೋರ್ಟ್, ದುಡ್ಡು, ಹೋಟೆಲ್ ಚೀಟಿ ಎಲ್ಲವನ್ನೂ ಯಜಮಾನರ ಸೊಂಟದ ಚೀಲಕ್ಕೇ ಸೇರಿಸುವ ಪದ್ಧತಿ ನಮ್ಮಲ್ಲಿದೆ. ಇದನ್ನು ಬಿಡಬೇಕು. ಇಬ್ಬರ ಬಳಿಯೂ ದುಡ್ಡು, ಇಬ್ಬರ ಬಳಿಯೂ ಇಬ್ಬರ ಪಾಸ್‌ಪೋರ್ಟ್‌ನ ಜೆರಾಕ್ಸ್, ಇಬ್ಬರ ಫೋನಿನಲ್ಲೂ ಹೋಟೆಲ್ ಹೆಸರು. ಸಂತೆಯಲ್ಲಿ ಕೈ ತಪ್ಪಿದರೆ ಹುಡುಕಲು ಅದು ಹೊಳಲ್ಕೆರೆ ಬಸ್ ಸ್ಟ್ಯಾಂಡ್ ಅಲ್ಲ.

ಹಂತ 5: ಹೊರಡುವ ಮುಂಚೆ ನಮ್ಮ ಕೋಟೆ ಹತ್ತಿ

ಇದನ್ನು ಯಾವ ಟೂರ್ ಕಂಪನಿಯೂ ಹೇಳುವುದಿಲ್ಲ. ಸಿಗಿರಿಯಾ ಬಂಡೆಗೆ ಸುಮಾರು 1,200 ಮೆಟ್ಟಿಲು. ಚಿತ್ರದುರ್ಗದ ಕೋಟೆಯನ್ನು ಕೆಳಬಾಗಿಲಿನಿಂದ ಗೋಪಾಲಸ್ವಾಮಿ ಹೊಂಡದವರೆಗೆ ವಾರಕ್ಕೊಮ್ಮೆ, ಒಂದು ತಿಂಗಳು ನಡೆಯಿರಿ. ಮಂಡಿ ಹೇಗಿದೆ, ಉಸಿರು ಎಲ್ಲಿ ಕಟ್ಟುತ್ತದೆ, ಗಂಡ ಎಷ್ಟು ದೂರ ಮುಂದೆ ಹೋಗಿಬಿಡುತ್ತಾನೆ ಎಲ್ಲ ಇಲ್ಲೇ ಗೊತ್ತಾಗುತ್ತದೆ. ಹೊಸ ಶೂ ಇದ್ದರೆ ಅದನ್ನೂ ಇಲ್ಲೇ ಪಳಗಿಸಿ.

ಹತ್ತುವಾಗ ಮೂರು ಸಂಗತಿ ಕಣ್ಣಿಟ್ಟು ನೋಡಿ. ಬಾಗಿಲುಗಳು ಒಂದರ ಎದುರಿಗೊಂದು ಇಲ್ಲದೆ ಮುರಿದು ತಿರುಗುತ್ತವೆ, ಯಾಕೆ? ಮೇಲೆ ಬಿದ್ದ ಮಳೆನೀರು ಗೋಪಾಲಸ್ವಾಮಿ ಹೊಂಡದಿಂದ ಅಕ್ಕ-ತಂಗಿ ಹೊಂಡಕ್ಕೆ ಹೇಗೆ ಇಳಿಯುತ್ತದೆ? ಗೋಡೆಯ ಕಲ್ಲನ್ನು ಗಾರೆಯಿಲ್ಲದೆ ಹೇಗೆ ಕೂರಿಸಿದ್ದಾರೆ? ಈ ಮೂರು ಪ್ರಶ್ನೆ ಜೊತೆಗಿದ್ದರೆ ಲಂಕೆಯಲ್ಲಿ ಅರ್ಧ ಗೈಡ್ ನೀವೇ.

ಬಿಡುವಿದ್ದರೆ ಇನ್ನೊಂದು ದಿನ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ಹೋಗಿ ಅಶೋಕನ ಶಾಸನ ನೋಡಿ ಬನ್ನಿ. ಬಿ.ಎಲ್. ರೈಸ್ 1892ರಲ್ಲಿ ಇದನ್ನೂ, ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳನ್ನೂ ಬೆಳಕಿಗೆ ತಂದರು. ಇದು ಯಾಕೆ ಬೇಕೆಂಬುದು ಲಂಕೆಯ ಅನುರಾಧಪುರದಲ್ಲಿ ತಿಳಿಯುತ್ತದೆ.

ಹಂತ 6: ಪೆಟ್ಟಿಗೆ ಕಟ್ಟುವುದು

ಹತ್ತಿ ಬಟ್ಟೆ, ಛತ್ರಿ, ಕಳಚಿ ಹಾಕಲು ಸುಲಭವಾದ ಚಪ್ಪಲಿ. ದೇವಾಲಯ, ವಿಹಾರಗಳಿಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಇಬ್ಬರಿಗೂ ಬೇಕು, ಗಂಡಸರ ಬರ್ಮುಡಾ ನಡೆಯುವುದಿಲ್ಲ. ಪ್ಲಗ್ಗಿನ ಮೂರು ಪಿನ್ ಅಲ್ಲಿ ಚೌಕವಾಗಿರುವುದುಂಟು, ಒಂದು ಅಡಾಪ್ಟರ್ ಇಟ್ಟುಕೊಳ್ಳಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಮಾತ್ರೆಗಳ ಜೊತೆ ಡಾಕ್ಟರ ಚೀಟಿ.

ತಿಂಡಿಯ ವಿಷಯ: ಚಟ್ನಿಪುಡಿ, ಚಕ್ಕುಲಿ, ಶೇಂಗಾ ಹೋಳಿಗೆ ಸಲೀಸಾಗಿ ಹೋಗುತ್ತವೆ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ, 100 ಮಿಲಿಲೀಟರ್ ನಿಯಮಕ್ಕೆ ಸಿಕ್ಕಿ ಕಸದ ಬುಟ್ಟಿ ಸೇರುತ್ತದೆ. ಹೊಸದುರ್ಗದವರು ವಿಶೇಷವಾಗಿ ಕೇಳಿ: ಒಣಕೊಬ್ಬರಿ ಬೇಡ. ಎಣ್ಣೆಯ ಅಂಶದಿಂದ ಬೇಗ ಹೊತ್ತಿಕೊಳ್ಳುವ ವಸ್ತು ಎಂದು ವಿಮಾನದಲ್ಲಿ ಅದಕ್ಕೆ ತಡೆ ಇದೆ. ಅಷ್ಟಕ್ಕೂ ಲಂಕೆಗೆ ತೆಂಗು ಒಯ್ಯುವವರುಂಟೇ?

ಹಂತ 7: ಏರ್‌ಪೋರ್ಟ್ ಸೇರುವುದು

ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್, ಹಿರಿಯೂರಿನಿಂದ ಸುಮಾರು 160. ಕಾರಿನಲ್ಲಿ ಹೋಗುವವರು ಊರೊಳಗೆ ನುಗ್ಗದೆ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ದಾರಿ ಹಿಡಿಯಿರಿ. ಗೊರಗುಂಟೆಪಾಳ್ಯ, ಹೆಬ್ಬಾಳಗಳ ಟ್ರಾಫಿಕ್ ತಪ್ಪುತ್ತದೆ. ಹೊಳಲ್ಕೆರೆಯವರಿಗೆ ಚಿಕ್ಕಜಾಜೂರು, ಹೊಸದುರ್ಗದವರಿಗೆ ಹೊಸದುರ್ಗ ರೋಡ್ ನಿಲ್ದಾಣದಿಂದ ರೈಲೂ ಉಂಟು. ಯಶವಂತಪುರದಲ್ಲಿ ಇಳಿದು ಟ್ಯಾಕ್ಸಿ ಹಿಡಿಯಬಹುದು, ಅಥವಾ ಮೆಜೆಸ್ಟಿಕ್‌ಗೆ ಬಂದು ವಾಯುವಜ್ರ ಬಸ್ ಹತ್ತಬಹುದು. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. 3 ಗಂಟೆ ಮೊದಲು ಅಲ್ಲಿರಿ.

ಒಳಗೆ ಕ್ರಮ ಹೀಗೆ: ಬಾಗಿಲಲ್ಲಿ ಟಿಕೆಟ್-ಪಾಸ್‌ಪೋರ್ಟ್, ಕೌಂಟರಿನಲ್ಲಿ ದೊಡ್ಡ ಪೆಟ್ಟಿಗೆ ಕೊಟ್ಟು ಬೋರ್ಡಿಂಗ್ ಪಾಸ್, ಇಮಿಗ್ರೇಷನ್‌ನಲ್ಲಿ ಮುದ್ರೆ, ಆಮೇಲೆ ಕೈಚೀಲದ ತಪಾಸಣೆ. ಇಮಿಗ್ರೇಷನ್ ಅಧಿಕಾರಿ ಎಲ್ಲಿಗೆ, ಎಷ್ಟು ದಿನ, ಏನು ಕೆಲಸ ಅಂತ ಕೇಳಬಹುದು. ಕೇಳಿದ್ದಕ್ಕಷ್ಟೇ ಉತ್ತರ, ಕನ್ನಡದಲ್ಲಿ ಹೇಳಿದರೂ ಅರ್ಥವಾಗುವವರು ಬಹಳ ಸಲ ಇರುತ್ತಾರೆ. ಗಾಬರಿ ಬೇಡ.

ಹಂತ 8: ಇಳಿದ ದಿನ ಏನನ್ನೂ ನೋಡಬೇಡಿ

ವಿಮಾನ ಇಳಿಯುವುದು ಕಟುನಾಯಕೆಯ ಬಂಡಾರನಾಯಕೆ ನಿಲ್ದಾಣದಲ್ಲಿ. ಹೊರಗೆ ಬರುವ ಮುಂಚೆ ಬ್ಯಾಂಕ್ ಕೌಂಟರಿನಲ್ಲಿ ಡಾಲರ್ ಬದಲಿಸಿ, ರಸೀದಿ ಇಟ್ಟುಕೊಳ್ಳಿ. ಪಕ್ಕದಲ್ಲೇ ಡಯಲಾಗ್, ಮೊಬಿಟೆಲ್ ಸಿಮ್ ಸಿಗುತ್ತದೆ, ಪಾಸ್‌ಪೋರ್ಟ್ ತೋರಿಸಬೇಕು. ಟ್ಯಾಕ್ಸಿಗೆ ಪಿಕ್‌ಮಿ ಎಂಬ ಅಲ್ಲಿಯ ಆ್ಯಪ್ ಇದೆ, ಊಬರ್ ಕೂಡ ಓಡುತ್ತದೆ. ನೆಗೊಂಬೊ ಹತ್ತಿರವೇ ಇದೆ. ರೂಮಿನಲ್ಲಿ ಚೀಲವಿಟ್ಟು, ಸಂಜೆ ಕಡಲದಂಡೆಯಲ್ಲಿ ನಡೆದು, ಬೇಗ ಮಲಗಿ.

ಊಟದ ಮಾತು ಇಲ್ಲೇ ಆಗಲಿ, ಯಾಕೆಂದರೆ ಸಸ್ಯಾಹಾರಿಗಳಿಗೆ ಮೊದಲ ರಾತ್ರಿಯೇ ಬೇಕಾಗುತ್ತದೆ. ಅನ್ನ, ಬೇಳೆ, ಹಲಸಿನಕಾಯಿ, ತೆಂಗಿನಹಾಲಿನ ಪಲ್ಯಗಳು ಧಾರಾಳ. ಅಪಾಯವಿರುವುದು ಚಟ್ನಿಯಂತೆ ಕಾಣುವ ಪೊಲ್ ಸಂಬೋಲ್‌ನಲ್ಲಿ. ಕಾಯಿತುರಿ, ಮೆಣಸಿನಕಾಯಿ, ನಿಂಬೆರಸದ ಜೊತೆ ಉಂಬಲಕಡ ಎಂಬ ಒಣಮೀನಿನ ಪುಡಿ ಸೇರಿಸುವ ವಾಡಿಕೆ ಇದೆ. ನೋಡಿದರೆ ಗೊತ್ತಾಗುವುದಿಲ್ಲ. ‘ಉಂಬಲಕಡ ಎಪಾ’ ಎಂದರೆ ಒಣಮೀನು ಬೇಡ ಅಂತ. ಬರೀ ವೆಜಿಟೇರಿಯನ್ ಎಂದರೆ ಕೆಲವರಿಗೆ ಕೋಳಿ ಬೇಡ ಅಂತಷ್ಟೇ ಅರ್ಥವಾಗುತ್ತದೆ. ತಮಿಳರ ಸೈವ, ಅಂದರೆ ಸಸ್ಯಾಹಾರಿ, ಹೋಟೆಲುಗಳಲ್ಲಿ ನಿಶ್ಚಿಂತೆಯಿಂದ ಉಣ್ಣಬಹುದು. ಮುದ್ದೆ ಸಿಗದೆಂದು ಕೊರಗುವವರು ಕುರಕ್ಕನ್ ಎಂದು ಕೇಳಿ, ಅದು ರಾಗಿಯೇ. ಅದರ ರೊಟ್ಟಿ, ಪಿಟ್ಟು ಮಾಡುತ್ತಾರೆ. ಮಣ್ಣಿನ ಕುಡಿಕೆಯಲ್ಲಿ ಬರುವ ಎಮ್ಮೆ ಮೊಸರಿಗೆ ಬೈನೆ ಮರದ ಬೆಲ್ಲದ ಪಾಕ ಸುರಿದುಕೊಂಡು ತಿನ್ನುವುದನ್ನು ಮಾತ್ರ ಬಿಡಬೇಡಿ.

ಹಂತ 9: ಸಿಗಿರಿಯಾ ಮತ್ತು ಕೆರೆಗಳ ನಾಡು

ಎರಡನೇ ದಿನ ಚಾಲಕ ಸಹಿತ ಕಾರು ಗೊತ್ತು ಮಾಡಿ ಸಿಗಿರಿಯಾಕ್ಕೆ ಹೊರಡಿ. ದಾರಿಯುದ್ದಕ್ಕೂ ಕೆರೆ ಏರಿಗಳು. ಕಲಾವೆವ ಎಂಬ ದೊಡ್ಡ ಕೆರೆಯನ್ನು 5ನೇ ಶತಮಾನದಲ್ಲಿ ಕಟ್ಟಿಸಿದವನು ಧಾತುಸೇನ. ಅವನ ಮಗ ಕಶ್ಯಪ ಗದ್ದುಗೆ ಕಸಿದುಕೊಂಡು, ನಿಧಿ ಎಲ್ಲಿಟ್ಟಿದ್ದೀಯ ಎಂದು ತಂದೆಯನ್ನು ಪೀಡಿಸಿದ. ಮುದುಕ ಮಗನ ಕಡೆಯವರನ್ನು ಕಲಾವೆವಕ್ಕೆ ಕರೆದೊಯ್ದು, ನೀರಿಗಿಳಿದು, ಬೊಗಸೆಯಲ್ಲಿ ನೀರೆತ್ತಿ ತೋರಿಸಿ, ತನ್ನ ಆಸ್ತಿಯೆಲ್ಲ ಇದೇ ಎಂದನಂತೆ. ಆಮೇಲೆ ಅವನ ಕೊಲೆಯಾಯಿತು ಎಂದು ಲಂಕೆಯ ಚರಿತ್ರೆಯ ಗ್ರಂಥಗಳು ಹೇಳುತ್ತವೆ. ಮಾರಿಕಣಿವೆ ಜಲಾಶಯ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಬಾಗಿನ, ಮೆರವಣಿಗೆ, ಕಣ್ಣೀರು ಎಲ್ಲ ಕಂಡ ಹಿರಿಯೂರಿನವರಿಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಆ ಕಶ್ಯಪ ಹೆದರಿ ಏರಿ ಕೂತ ಬಂಡೆಯೇ ಸಿಗಿರಿಯಾ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ, 10 ಗಂಟೆ ದಾಟಿದರೆ ಬಂಡೆ ಕಾದ ಹಂಚು. ಸಾರ್ಕ್ ದೇಶದವರಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಇದೆ, ಅದಕ್ಕೆ ಪಾಸ್‌ಪೋರ್ಟ್ ತೋರಿಸಬೇಕು. ಕೆಳಗಿನ ನೀರಿನ ತೋಟಗಳನ್ನು ದಾಟಿ, ಅರ್ಧ ದಾರಿಯಲ್ಲಿ ಸುರುಳಿ ಮೆಟ್ಟಿಲೇರಿದರೆ ಅಪ್ಸರೆಯರ ವರ್ಣಚಿತ್ರಗಳು. ಅಲ್ಲಿ ಫೋಟೊ ತೆಗೆಯುವಂತಿಲ್ಲ. ಮುಂದೆ ಕನ್ನಡಿ ಗೋಡೆ. 8ರಿಂದ 10ನೇ ಶತಮಾನದಲ್ಲಿ ಬಂದ ಪ್ರವಾಸಿಗರು ಅದರ ಮೇಲೆ ಪದ್ಯ ಗೀಚಿದ್ದಾರೆ. ವಿದ್ವಾಂಸ ಸೆನರತ್ ಪರಣವಿತಾನ ಅಂಥ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಹಳಬರು ಬರೆದಿದ್ದಾರಲ್ಲ ಅಂತ ನೀವು ಕೈಯಾಡಿಸಬೇಡಿ. 2015ರಲ್ಲಿ ಈ ಗೋಡೆ ಮೇಲೆ ಹೆಸರು ಗೀಚಿದ ಯುವತಿಯೊಬ್ಬಳಿಗೆ 2 ವರ್ಷ ಜೈಲು ಶಿಕ್ಷೆಯಾಗಿ, ಕೊನೆಗೆ ಅಧ್ಯಕ್ಷರ ಕ್ಷಮಾದಾನದಿಂದ ಹೊರಬಂದಳು. ನಮ್ಮ ಕೋಟೆಯ ಬಂಡೆಗಳ ಮೇಲೆ ಹೃದಯ ಕೊರೆದು ಬಾಣ ಚುಚ್ಚಿದವರೆಲ್ಲ ಅಲ್ಲಿದ್ದಿದ್ದರೆ ಜೈಲು ಸಾಲುತ್ತಿರಲಿಲ್ಲ.

ಕೊನೆಯ ಏರಿನ ಬುಡದಲ್ಲಿರುವ ಸಿಂಹದ ಪಂಜಗಳ ಹತ್ತಿರ ಒಬ್ಬರಿಗೆ ಸಾಕೆನಿಸಿದರೆ ಅಲ್ಲೇ ಕೂರಲಿ, ಇನ್ನೊಬ್ಬರು ಹತ್ತಿ ಬರಲಿ. ಒತ್ತಾಯ ಮಾಡಿ ಎಳೆದುಕೊಂಡು ಹೋದರೆ ಆ ಸಿಟ್ಟು ಗಾಲೆವರೆಗೂ ಇಳಿಯುವುದಿಲ್ಲ. ಬಂಡೆಯಲ್ಲಿ ಕಣಜದ ಗೂಡುಗಳಿವೆ, ಅಲ್ಲಿ ಗಲಾಟೆ ಮಾಡಬಾರದೆಂದು ಫಲಕ ಹಾಕಿರುತ್ತಾರೆ. ಅದು ಅಲಂಕಾರಕ್ಕಲ್ಲ.

ಮರುದಿನ ಅನುರಾಧಪುರ, ಮಿಹಿಂತಲೆ. ಅಶೋಕನ ಮಗ ಮಹಿಂದ ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಬಂದು ಅಲ್ಲಿಯ ರಾಜನಿಗೆ ಬೌದ್ಧಧರ್ಮ ಬೋಧಿಸಿದ್ದು ಮಿಹಿಂತಲೆಯಲ್ಲಿ ಎಂಬುದು ಲಂಕೆಯ ನಂಬಿಕೆ. ಮಗಳು ಸಂಘಮಿತ್ತೆ ತಂದ ಬೋಧಿವೃಕ್ಷದ ಕೊಂಬೆಯೇ ಅನುರಾಧಪುರದ ಮರವಾಯಿತು. ಅಪ್ಪನ ಆಜ್ಞೆ ಬ್ರಹ್ಮಗಿರಿಯ ಬಂಡೆ ಮೇಲೆ, ಮಗಳು ತಂದ ಮರ ಇಲ್ಲಿ. ಎರಡನ್ನೂ ಒಂದೇ ವರ್ಷ ನೋಡಿದವರು ನಮ್ಮ ಜಿಲ್ಲೆಯಲ್ಲೂ ಹೆಚ್ಚಿರಲಾರರು.

ಇಲ್ಲೊಂದು ಎಚ್ಚರಿಕೆ: ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ನಿಂತು ಸೆಲ್ಫಿ ತೆಗೆಯುವುದನ್ನು ಅಲ್ಲಿ ಅಪಚಾರವೆಂದು ತಿಳಿಯುತ್ತಾರೆ, ಗದರುತ್ತಾರೆ.

ಹಂತ 10: ಕ್ಯಾಂಡಿ, ಒಂದು ಸಂಜೆ

ದಳದ ಮಾಲಿಗಾವ, ಅಂದರೆ ಬುದ್ಧನ ದಂತದ ದೇವಾಲಯಕ್ಕೆ ಸಂಜೆಯ ಪೂಜೆಯ ಹೊತ್ತಿಗೆ ಹೋಗಿ. ಎದುರಿನ ಕೆರೆಯನ್ನು ಮಾಡಿಸಿದವನು ಕೊನೆಯ ರಾಜ ಶ್ರೀ ವಿಕ್ರಮ ರಾಜಸಿಂಹ. ಅವನು ನಾಯಕ ವಂಶದವನು. ನಮ್ಮ ದುರ್ಗದ ನಾಯಕರಿಗೂ ಇವರಿಗೂ ಸಂಬಂಧವಿಲ್ಲ, ಇವರ ನಂಟು ಮಧುರೆಯ ಕಡೆಯದು. 1815ರಲ್ಲಿ ಬ್ರಿಟಿಷರು ಅವನನ್ನು ಇಳಿಸಿ ವೆಲ್ಲೂರಿಗೆ ಗಡೀಪಾರು ಮಾಡಿದರು, ಅಲ್ಲೇ 1832ರಲ್ಲಿ ತೀರಿಕೊಂಡ. ಕ್ಯಾಂಡಿಗೆ ಒಂದೇ ರಾತ್ರಿ ಸಾಕು. ರತ್ನದ ಅಂಗಡಿಗೆ, ಮಸಾಲೆ ತೋಟಕ್ಕೆ ಚಾಲಕ ತಾನಾಗಿ ಕರೆದೊಯ್ದರೆ ಕಮಿಷನ್ ಇದೆ ಎಂದೇ ತಿಳಿಯಿರಿ.

ಹಂತ 11: ರೈಲಿನಲ್ಲಿ ಬಲಗಡೆ ಕೂತು ಗಾಲೆಗೆ

ಕ್ಯಾಂಡಿಯಿಂದ ಕೊಲಂಬೊ ಫೋರ್ಟ್ ನಿಲ್ದಾಣಕ್ಕೆ ಬಂದು ಅಲ್ಲಿಂದ ಗಾಲೆ, ಮಾತರ ಕಡೆಯ ರೈಲು ಹಿಡಿಯಿರಿ. ಕಾದಿರಿಸುವ ಟಿಕೆಟ್‌ಗಳನ್ನು 30 ದಿನ ಮೊದಲು ಬಿಡುತ್ತಾರೆ. ದಕ್ಷಿಣಕ್ಕೆ ಹೋಗುವಾಗ ಕಡಲು ನಿಮ್ಮ ಬಲಕ್ಕೆ, ಹಾಗಾಗಿ ಬಲಗಡೆಯ ಕಿಟಕಿ. ಹಳಿ ಕೆಲವೆಡೆ ನೀರಿಗೆ ಎಷ್ಟು ಹತ್ತಿರವೆಂದರೆ ಅಲೆಯ ತುಂತುರು ಮುಖಕ್ಕೆ ಬೀಳುತ್ತದೆ. ಹಿಕ್ಕಡುವ ಸಮೀಪದ ಪೆರಲಿಯ ಎಂಬ ಊರಿನಲ್ಲಿ ರೈಲು ಹಾದಾಗ ಸ್ಮಾರಕದ ಬುದ್ಧನ ಪ್ರತಿಮೆ ಕಾಣುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಇದೇ ಹಳಿಯ ಮೇಲೆ ನಿಂತಿದ್ದ ರೈಲು ಕೊಚ್ಚಿಹೋಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು.

ಗಾಲೆಯಲ್ಲಿ ರೂಮನ್ನು ಕೋಟೆಯೊಳಗೇ ಮಾಡಿ. ಬಾಡಿಗೆ ಸ್ವಲ್ಪ ಹೆಚ್ಚು, ಆದರೆ ಹಗಲಿನ ಪ್ರವಾಸಿ ಬಸ್ಸುಗಳು ಹೋದ ಮೇಲೆ ಕೋಟೆ ಅಲ್ಲಿ ಮಲಗಿದವರದ್ದು. ಇದು ದುರ್ಗದಂತೆ ಬಿಟ್ಟುಹೋದ ಕೋಟೆಯಲ್ಲ. ಒಳಗೆ ಮನೆ, ಶಾಲೆ, ಮಸೀದಿ, ವಿಹಾರ, ಕೋರ್ಟು ಎಲ್ಲ ನಡೆಯುತ್ತಿವೆ. ಕರಿಕೋಟಿನ ವಕೀಲರು ದೊಡ್ಡ ಮರಗಳ ಕೆಳಗೆ ಕಕ್ಷಿದಾರರ ಜೊತೆ ಪಿಸುಗುಡುತ್ತ ನಿಂತಿರುತ್ತಾರೆ.

ಪೋರ್ಚುಗೀಸರು 1588ರಲ್ಲಿ ಶುರು ಮಾಡಿದ್ದನ್ನು 1640ರಲ್ಲಿ ಡಚ್ಚರು ಗೆದ್ದು, ಆಮೇಲೆ ಈಗ ಕಾಣುವ ಗೋಡೆ, ಕೊತ್ತಲಗಳನ್ನು ಕಟ್ಟಿದರು. 1796ರಲ್ಲಿ ಬ್ರಿಟಿಷರ ಕೈಗೆ ಹೋಯಿತು. 1988ರಿಂದ ವಿಶ್ವ ಪಾರಂಪರಿಕ ತಾಣ. ಹಳೆ ಬಾಗಿಲನ್ನು ಹುಡುಕಿ ನಿಲ್ಲಿ. ಹೊರಮುಖದಲ್ಲಿ ಬ್ರಿಟಿಷ್ ಲಾಂಛನ, ಒಳಮುಖದಲ್ಲಿ ಡಚ್ ಕಂಪನಿಯ ಅಕ್ಷರಗಳು, ಎರಡು ಸಿಂಹ, ಮೇಲೊಂದು ಹುಂಜ, ಕೆಳಗೆ 1669. ಗೆದ್ದವನು ಸೋತವನ ಗುರುತನ್ನು ಅಳಿಸದೆ ಬಿಟ್ಟಿದ್ದಾನೆ.

ಕೋಟೆಯ ಸುತ್ತು ಹೀಗೆ ಮಾಡಿ: ಸಂಜೆ 5 ಗಂಟೆ ಹೊತ್ತಿಗೆ ಗಡಿಯಾರದ ಗೋಪುರದ ಹತ್ತಿರ ಗೋಡೆ ಹತ್ತಿ. ಕೆಳಗೆ ಕ್ರಿಕೆಟ್ ಮೈದಾನ. 2010ರ ಜುಲೈಯಲ್ಲಿ ಮುರಳೀಧರನ್ ನಮ್ಮ ಓಝಾನನ್ನು ಔಟ್ ಮಾಡಿ 800ನೇ ವಿಕೆಟ್ ಪಡೆದದ್ದು ಇಲ್ಲೇ, ಯಜಮಾನರಿಗೆ ಐದು ನಿಮಿಷ ಕೊಡಿ. ಆಮೇಲೆ ಕಡಲನ್ನು ಬಲಕ್ಕಿಟ್ಟುಕೊಂಡು ಪಶ್ಚಿಮದ ಗೋಡೆ ಮೇಲೆ ದಕ್ಷಿಣಕ್ಕೆ ನಡೆಯಿರಿ. ಸೂರ್ಯ ಮುಳುಗುವ ಹೊತ್ತಿಗೆ ಫ್ಲ್ಯಾಗ್ ರಾಕ್ ಕೊತ್ತಲ ಸೇರಿರುತ್ತೀರಿ. ಅಲ್ಲಿಂದ ದೀಪಸ್ತಂಭ, ಬಿಳಿ ಮಸೀದಿ ದಾಟಿ ಬೀದಿಗೆ ಇಳಿಯಿರಿ. ಗೋಡೆಗೆ ಬಹಳ ಕಡೆ ಕಟಕಟೆ ಇಲ್ಲ. ಫೋಟೊಗಾಗಿ ಹಿಂದಕ್ಕೆ ಹೆಜ್ಜೆ ಇಡಬೇಡಿ.

ದುರ್ಗದಲ್ಲಿ ಕೇಳಿಕೊಂಡ ಪ್ರಶ್ನೆಗಳನ್ನು ಈಗ ತೆಗೆಯಿರಿ. ನಮ್ಮಲ್ಲಿ ಶತ್ರು ಏರಿ ಬರಬೇಕಿತ್ತು, ಬಾಗಿಲುಗಳು ತಿರುಚಿ ಅವನನ್ನು ದಣಿಸುತ್ತವೆ. ಇಲ್ಲಿ ಶತ್ರು ಹಡಗಿನಲ್ಲಿ ಬರುವವನು, ಆದ್ದರಿಂದ ಗೋಡೆ ತಗ್ಗು, ದಪ್ಪ, ತೋಪಿಗೆ ತಕ್ಕಂತೆ ಮೂಲೆಗಳು ಚಾಚಿಕೊಂಡಿವೆ. ನಮ್ಮ ಗೋಡೆ ಗ್ರಾನೈಟ್, ಇಲ್ಲಿ ಗ್ರಾನೈಟ್ ಜೊತೆ ಹವಳದ ಕಲ್ಲು. ಹತ್ತಿರ ಬಾಗಿ ನೋಡಿದರೆ ಜೇನುಗೂಡಿನಂಥ ತೂತುಗಳು ಕಾಣುತ್ತವೆ. ನಮ್ಮವರು ಮಳೆನೀರನ್ನು ಹೊಂಡದಿಂದ ಹೊಂಡಕ್ಕೆ ಇಳಿಸಿ ಕೂಡಿಟ್ಟರು. ಡಚ್ಚರು ಬೀದಿಗಳ ಕೆಳಗೆ ಚರಂಡಿ ತೋಡಿ, ಕಡಲಿನ ಉಬ್ಬರವಿಳಿತವೇ ಅದನ್ನು ತೊಳೆದುಕೊಂಡು ಹೋಗುವಂತೆ ಮಾಡಿದರು. 2004ರ ಸುನಾಮಿಯಲ್ಲಿ ಹೊರಗಿನ ಹೊಸ ಊರು ನುಚ್ಚುನೂರಾದಾಗ ಕೋಟೆಯೊಳಗಿನ ಹಳೆ ಊರು ಬಹುಪಾಲು ಉಳಿದದ್ದು ಈ ಗೋಡೆಯಿಂದಲೇ.

ಹಂತ 12: ಕಡಲಿಗೆ ಇಳಿಯುವ ಮುನ್ನ

ಇನ್ನೆರಡು ದಿನ ಕರಾವಳಿಗೆ. ಹತ್ತಿರದ ಉನವಟುನ, ಪಕ್ಕದಲ್ಲೇ ರುಮಸ್ಸಲ ಗುಡ್ಡ. ಹನುಮಂತ ಸಂಜೀವಿನಿ ಒಯ್ಯುವಾಗ ಬಿದ್ದ ತುಂಡು ಅದು ಎನ್ನುತ್ತಾರೆ. ಇನ್ನೂ ಮುಂದೆ ಮಿರಿಸ್ಸಾದಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ತಿಮಿಂಗಿಲ ನೋಡಲು ದೋಣಿ ಹೊರಡುತ್ತವೆ. ವಾಂತಿಯ ಮಾತ್ರೆಯನ್ನು ದೋಣಿ ಹತ್ತುವ ಅರ್ಧ ಗಂಟೆ ಮೊದಲೇ ನುಂಗಿ, ಹತ್ತಿದ ಮೇಲೆ ಪ್ರಯೋಜನವಿಲ್ಲ. ಕೊಗ್ಗಲದ ಕಡೆ ಕಂಬದ ಮೇಲೆ ಕೂತು ಮೀನು ಹಿಡಿಯುವವರಲ್ಲಿ ಹೆಚ್ಚಿನವರು ಈಗ ಹಿಡಿಯುವುದು ಪ್ರವಾಸಿಗರನ್ನು, ಫೋಟೊಗೆ ದುಡ್ಡು ಕೇಳುತ್ತಾರೆ.

ಬಾವಿಯಲ್ಲಿ, ನಾಲೆಯಲ್ಲಿ ಈಜಿ ಬೆಳೆದವರಿಗೆ ನೀರೆಂದರೆ ಭಯವಿರುವುದಿಲ್ಲ. ಅದೇ ಅಪಾಯ. ದಡದಿಂದ ಒಳಕ್ಕೆ ಎಳೆಯುವ ಸೆಳೆತ ಒಳ್ಳೆಯ ಈಜುಗಾರನನ್ನೂ ಬಿಡುವುದಿಲ್ಲ. ಕೆಂಪು ಬಾವುಟ ಕಂಡರೆ ಇಳಿಯಬೇಡಿ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬನ್ನಿ. ಸೀರೆಯುಟ್ಟು ನೀರಿಗೆ ಇಳಿಯುವುದು ಬೇಡವೇ ಬೇಡ, ಮೊಣಕಾಲವರೆಗೂ ಅಲೆ ಬಂದರೆ ನೆರಿಗೆ ಕಾಲಿಗೆ ಸುತ್ತಿಕೊಳ್ಳುತ್ತದೆ.

ಪ್ರತಿ ಹುಣ್ಣಿಮೆ ಅಲ್ಲಿ ಪೋಯ ರಜೆ, ಅಂದು ಮದ್ಯ ಮಾರುವುದಿಲ್ಲ. ಸಂಬಂಧಪಟ್ಟವರು ಕ್ಯಾಲೆಂಡರ್ ನೋಡಿಕೊಳ್ಳಿ.

ಹಂತ 13: ವಾಪಸ್

ಗಾಲೆಯಿಂದ ಕೊಲಂಬೊಗೆ 2011ರಲ್ಲಿ ತೆರೆದ ಎಕ್ಸ್‌ಪ್ರೆಸ್‌ವೇ ಇದೆ. ವಿಮಾನ ಸಂಜೆಗಿದ್ದರೆ ಬೆಳಗ್ಗೆಯೇ ಹೊರಟು ಕೊಲಂಬೊ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಒಂದು ಗಂಟೆ ಕೊಡಿ. ಚೀನಾದ ನೌಕಾಧಿಪತಿ ಝೆಂಗ್ ಹೇ ತಂದಿದ್ದ, ಗಾಲೆಯಲ್ಲಿ 1911ರಲ್ಲಿ ಸಿಕ್ಕ, 1409ರ ಶಿಲಾಶಾಸನ ಅಲ್ಲಿದೆ. ಒಂದೇ ಕಲ್ಲಿನ ಮೇಲೆ ಚೀನೀ, ತಮಿಳು, ಪರ್ಷಿಯನ್, ಮೂವರು ದೇವರಿಗೆ ಮೂರು ಕಾಣಿಕೆ ಪಟ್ಟಿ. ಉಳಿದ ಲಂಕಾ ರೂಪಾಯಿಯನ್ನು ಏರ್‌ಪೋರ್ಟಿನಲ್ಲೇ ರಸೀದಿ ತೋರಿಸಿ ಬದಲಿಸಿ, ಬೆಂಗಳೂರಿಗೆ ತಂದರೆ ದರ ಸಿಗುವುದಿಲ್ಲ. ನೆಂಟರಿಗೆ ಕೊಡಲು ಚಹಾಪುಡಿ, ದಾಲ್ಚಿನ್ನಿ ಸಾಕು.

ಮುಂದಿನ ಫೆಬ್ರವರಿಗೆ ಹೋಗುವ ಮನಸ್ಸಿದ್ದರೆ ಈಗ ಆಗಬೇಕಾದ ಕೆಲಸ ಒಂದೇ: ಇಬ್ಬರ ಆಧಾರ್, ಪ್ಯಾನ್, ಎಸ್ಎಸ್ಎಲ್‌ಸಿ ಅಂಕಪಟ್ಟಿ ಹೊರಗೆ ತೆಗೆದು ಹೆಸರು ತಾಳೆ ನೋಡಿ. ಗಣೇಶನ ಹಬ್ಬದೊಳಗೆ ಅದು ಸರಿಯಾದರೆ ದೀಪಾವಳಿಯೊಳಗೆ ಪಾಸ್‌ಪೋರ್ಟ್ ಅರ್ಜಿ ಮುಗಿಸಿ, ಡಿಸೆಂಬರ್‌ನಲ್ಲಿ ಟಿಕೆಟ್ ಮಾಡಿಸಬಹುದು.